ಒಂದು ಗೀರಿನ ಎಡೆಕುಂಟೆ

ದಾವಲ್‌ಸಾಬನ ಬಗ್ಗೆ ಬರೆಯಲು ಕುಳಿತಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಅಳು ಆಮೇಲೆ. ಮನುಷ್ಯ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹದಿಮೂರು ವರ್ಷ ಒಂದೇ ಅಂಗಳದಲ್ಲಿದ್ದವನು ಒಂದು ದಿನವಾದರೂ ಬಾಯಿಬಿಟ್ಟು ‘ಬ್ಯಾಸರಾಗೇತ್ರಿ ಮಾಸ್ತರ’ ಅನ್ನಬಾರದೆ? ಅಂದಿದ್ದರೆ ನಾನು ಏನು ಕಡಿದು ಕಟ್ಟೆ ಹಾಕುತ್ತಿದ್ದೆನೋ ಗೊತ್ತಿಲ್ಲ. ಆದರೂ ಅನ್ನಬೇಕಿತ್ತು.

ನಾನು ವೆಂಕೋಬ, ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ನಾಲ್ಕು ಬಾಡಿಗೆ ಕೋಣೆಗಳಿದ್ದವು. ಎರಡರಲ್ಲಿ ನಾನು ಮತ್ತು ನನ್ನ ಹೆಂಡತಿ ಶೇಖಮ್ಮ, ಮೂರನೆಯದರಲ್ಲಿ ಮಾಲೀಕರ ಖಾಲಿ ಚೀಲಗಳು, ನಾಲ್ಕನೆಯದರಲ್ಲಿ ದಾವಲ್‌ಸಾಬ್. ಅವನ ಊರು ಮುದಗಲ್. ತಾಯಿ ಸಕೀನಾಬೀ ತೀರಿಕೊಂಡ ಮೇಲೆ ಆ ಕಡೆ ಹೋಗುವುದನ್ನು ಬಿಟ್ಟಿದ್ದ. ಮದುವೆ ಯಾಕೆ ಆಗಲಿಲ್ಲವೋ ಎಂದು ನಾನು ಕೆದಕಿದರೆ, “ಆಗಬೇಕಂತ ಮಾಡಿದ್ದೆರಿ, ಅಷ್ಟರಾಗ ವಯಸ್ಸಾತು” ಎಂದು ನಕ್ಕುಬಿಡುತ್ತಿದ್ದ. ಆಗ ಅವನಿಗೆ ಮೂವತ್ತೆಂಟು.

ಅವನದು ಜಿಲ್ಲೆಯ ಒಂದು ಕಚೇರಿಯಲ್ಲಿ ಹಂಗಾಮಿ ಗಣತಿದಾರನ ಕೆಲಸ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಸುತ್ತಲಿನ ಹಳ್ಳಿಗಳಲ್ಲಿ ಯಾರು ಯಾವ ಯಂತ್ರ, ಯಾವ ಸಲಕರಣೆ ಮಾಡುತ್ತಾರೆ, ಯಾರ ತಲೆಯಲ್ಲಿ ಹೊಸದೇನಾದರೂ ಹುಟ್ಟಿದೆ, ಅದರ ವ್ಯಾಪಾರ ಎಲ್ಲಿಯ ತನಕ ನಡೆದಿದೆ ಎಂಬುದನ್ನೆಲ್ಲ ಫಾರಂನಲ್ಲಿ ತುಂಬಬೇಕು. ಆಮೇಲೆ ಅದನ್ನು ನಕ್ಷೆಗೆ ಇಳಿಸಬೇಕು. ಒಂದೊಂದು ಅಂಗಡಿಗೆ ಒಂದೊಂದು ಚುಕ್ಕೆ, ಒಂದೇ ಊರಲ್ಲಿ ಹತ್ತು ಚುಕ್ಕೆಯಾದರೆ ಒಂದು ವೃತ್ತ. ವೃತ್ತ ಬಿದ್ದ ಊರಿಗೆ ಸರಕಾರದ ತರಬೇತಿ, ಹೊಸ ಯಂತ್ರ, ಕರೆಂಟು. ಬಿಡಿ ಚುಕ್ಕೆಯವರು ಅರ್ಜಿ ಹಾಕಿ ಕಾಯಬೇಕು, ಚುಕ್ಕೆಯೂ ಇಲ್ಲದ ಊರಿಗೆ ಏನೂ ಇಲ್ಲ.

ಈ ಕೆಲಸಕ್ಕೆ ಅವನು ಸೈಕಲ್ ಏರಿ ಹೊರಟರೆ ಊರಿನವರೆಲ್ಲ ಅವನನ್ನು ಏನೆಂದು ತಿಳಿದಿದ್ದರು ಗೊತ್ತೆ? ಟ್ಯಾಕ್ಸಿನವನು! ಸಿಂಧನೂರಿನ ರಸ್ತೆಯಲ್ಲಿ ಅವನ ಸೈಕಲ್ ಕಂಡರೆ ಸಾಕು, ವೆಲ್ಡಿಂಗ್ ಕಿಡಿ ಆರುತ್ತಿತ್ತು, ಶೆಟರ್ ಎಳೆಯುವ ಸದ್ದು ಸಾಲಾಗಿ ಕೇಳುತ್ತಿತ್ತು. ಮುಚ್ಚಿದ ಶೆಟರ್ ಮುಂದೆ ನಿಂತು “ನಾನು ಟ್ಯಾಕ್ಸಿನಾಂವ ಅಲ್ರೀ, ಬರೇ ಬರಕೊಳ್ಳಾಂವ” ಎಂದು ಕೂಗುತ್ತಿದ್ದನಂತೆ. ಬರೆದುಕೊಳ್ಳುವವನು ಎಂದರೆ ಜನ ಇನ್ನಷ್ಟು ಹೆದರುತ್ತಾರೆ ಎಂಬ ಬುದ್ಧಿ ಆ ಪುಣ್ಯಾತ್ಮನಿಗೆ ಕೊನೆಯ ತನಕ ಬರಲಿಲ್ಲ. ದಿನಕ್ಕೆ ಮೂವತ್ತು ಜನರನ್ನು ಮಾತಾಡಿಸಿ ಬರುತ್ತಿದ್ದ. ಅವನನ್ನು ಮಾತಾಡಿಸಿದವರು ಒಬ್ಬರೂ ಇರುತ್ತಿರಲಿಲ್ಲ.

ಊರವರನ್ನಷ್ಟೇ ಬೈದು ನಾನು ಪಾರಾಗಲಾರೆ. ಹಬ್ಬಕ್ಕೆ ಶೇಖಮ್ಮ ಹೋಳಿಗೆ ಮಾಡಿದರೆ ಒಂದು ಬೇರೆ ತಾಟಿನಲ್ಲಿಟ್ಟು ಅವನ ಬಾಗಿಲಿಗೆ ಕೊಟ್ಟು ಬರುತ್ತಿದ್ದಳು. ತೊಳೆದ ತಾಟು ನಮ್ಮ ಹೊಸ್ತಿಲ ಹೊರಗೆ ಬಂದು ಕೂರುತ್ತಿತ್ತು. ಎಲ್ಲ ಕೈಮೀರುವ ತನಕ, ಅಷ್ಟೂ ವರ್ಷ, ‘ಒಳಗ ಬಾ, ಕೂಡಿ ಉಣ್ಣೋಣು’ ಎಂದು ನಾವು ಒಮ್ಮೆಯೂ ಕರೆಯಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಆ ವರ್ಷಗಳಲ್ಲಿ ಅವನನ್ನು ಒಳಗೆ ಕರೆದದ್ದು ಒಂದೇ ಮನೆ. ಅದು ಮಸ್ಕಿ ಹತ್ತಿರದ ಪಾಮನಕಲ್ಲೂರಿನ ಕಮ್ಮಾರ ಗಿಡ್ಡಪ್ಪನ ಮನೆ.

ಎಂಬತ್ತೈದರಲ್ಲಿ ಮೊದಲ ಗಣತಿ. ಬೇಸಿಗೆಯ ಒಂದು ಮಧ್ಯಾಹ್ನ ದಾವಲ್‌ಸಾಬ್ ಊರ ಹೊರಗಿನ ಆ ಕುಲುಮೆಗೆ ಹೋದ. ಗಿಡ್ಡಪ್ಪ ಕುಂಟೆಯ ಅಲಗು, ಕುಡ, ಬಡಿಯುತ್ತಿದ್ದ, ಅವನ ಹೆಂಡತಿ ಆದಮ್ಮ ತಿದಿ ಊದುತ್ತಿದ್ದಳು. ಇವನು ಬಾಗಿಲಲ್ಲೇ ನಿಂತು ರೂಢಿಯಂತೆ “ಟ್ಯಾಕ್ಸಿನಾಂವ ಅಲ್ರಿ” ಎಂದು ಶುರು ಮಾಡಿದನಂತೆ.

“ಯಾರಾದರ ಇರಲ್ಯಾಕ, ಬಿಸಲಾಗ ಬಂದೀಯಪ. ಬಾ, ಕುಂದ್ರು. ಮೊದಲ ನೀರು ಕುಡಿ” ಎಂದ ಗಿಡ್ಡಪ್ಪ.

ಆದಮ್ಮ ಒಳಗೆ ಕರೆದು ರೊಟ್ಟಿ, ಪುಂಡಿಪಲ್ಯ ಹಾಕಿದಳು. ಗಂಡನ ತಾಟಿನ ಪಕ್ಕದಲ್ಲೇ ಇವನ ತಾಟು. ರೊಟ್ಟಿಬುಟ್ಟಿ ತೆಗೆಯಲು ಅವಳು ಎಡಗೈ ಎತ್ತಿದ್ದನ್ನು ದಾವಲ್‌ಸಾಬ್ ನೋಡಿದ. ಬಲಗೈ ಭುಜದ ಮೇಲೆ ಏಳುತ್ತಿರಲಿಲ್ಲ. ಇಪ್ಪತ್ತು ವರ್ಷ ತಿದಿ ಎಳೆದು ಕೀಲು ಹಿಡಿದುಹೋಗಿತ್ತು. ತಲೆ ಬಾಚಿಕೊಳ್ಳಲು ಪಕ್ಕದ ಮನೆಯವರನ್ನು ಕರೆಯಬೇಕು. “ಕರೆಂಟ್ ಬಂತಂದ್ರ ಗಾಳಿ ಮಿಷನ್ ಹಾಕ್ತೀನಂತ ಹೇಳ್ಯಾನಣ್ಣ, ಕಂಬ ಇಲ್ಲಿತನಕ ಬರಬೇಕಲ್ಲ” ಎಂದು ಅವಳು ನಕ್ಕಳಂತೆ. ಅಣ್ಣ ಅಂದಳು, ಮಾಸ್ತರ, ಕೇಳಿದ್ರಾ, ಅಣ್ಣ ಅಂದಳು ಎಂದು ಆ ಸಂಜೆ ನನ್ನ ತಲೆ ತಿಂದಿದ್ದ.

ಊಟವಾದ ಮೇಲೆ ಫಾರಂ ತೆಗೆದ. ಏನೇನು ಮಾಡುತ್ತೀ? ಕುಡ, ಕುರ್ಪಿ, ಎಡೆಕುಂಟೆ, ಬಂಡಿಯ ಅಚ್ಚು. ವರ್ಷಕ್ಕೆ ಎಷ್ಟು ಮಾರುತ್ತೀ?

“ಮಾರೂದಾ?” ಗಿಡ್ಡಪ್ಪನಿಗೆ ಅರ್ಥವಾಗಲಿಲ್ಲ. “ನಾವು ಮಾರೂದಿಲ್ಲ ದಾವಲಣ್ಣ. ಊರಾಗ ಅರವತ್ತು ಮನಿ ಅದಾವು. ಸುಗ್ಗಿಗೆ ಜ್ವಾಳ ಕೊಡ್ತಾರ, ವರ್ಷಾನಗಟ್ಲೆ ಅವರ ಕಬ್ಬಿಣ ನಾ ನೋಡ್ತೀನಿ. ನಮ್ಮಪ್ಪನ ಕಾಲದಿಂದ ಹಿಂಗ. ನಮ್ಮ ಮನಿ ಮಂದಿಗೆ ರೇಟ್ ಹೇಳಿದ್ರ ಉಂಡದ್ದು ಗಂಟಲಾಗ ಇಳಿತೈತೇನು?”

ಆಯಗಾರಿಕೆ ಎಂದರೆ ಅದು. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಫಾರಂ ಅಚ್ಚಾದ ಊರಿನವರಿಗೆ ಯಾರು ಹೇಳಬೇಕು? ಮಾರಾಟ ಎಂಬ ಕಾಲಂನಲ್ಲಿ ದಾವಲ್‌ಸಾಬ್ ಸೊನ್ನೆ ಬರೆದ. ತಲೆ ಮೇಲೆ ತಲೆ ಬಿದ್ದರೂ ಸುಳ್ಳು ಬರೆಯದ ಆಸಾಮಿ. ಮಾರಾಟ ಸೊನ್ನೆ ಎಂದರೆ ಉದ್ಯೋಗವಲ್ಲ, ಉದ್ಯೋಗವಲ್ಲವೆಂದರೆ ಚುಕ್ಕೆ ಇಲ್ಲ ಎಂದು ಕಚೇರಿ ಆಮೇಲೆ ಹೇಳಿತು.

ಆ ನಕ್ಷೆ ಬರೆದವನು ನಾನೇ. ಕಚೇರಿಯ ನಕ್ಷೆಗಾರ ರಜೆಯಲ್ಲಿದ್ದ ಎಂದು ದಾವಲ್‌ಸಾಬ್ ನನ್ನ ಕೈಕಾಲು ಹಿಡಿದ. ಸಿಂಧನೂರಿಗೆ ಕೈವಾರ ಇಟ್ಟು ತಿರುಗಿಸಿದೆ, ದೊಡ್ಡ ವೃತ್ತ. ಕಾಲುವೆಯ ನೀರು, ಭತ್ತ, ಟ್ರ್ಯಾಕ್ಟರ್ ಎಲ್ಲ ಅಲ್ಲಿ. ಟ್ರ್ಯಾಕ್ಟರಿಗೆ ಹಾಕುವ ಕೆಸರಿನ ಚಕ್ರ, ಟ್ರೇಲರ್, ಪಂಪ್ ರಿಪೇರಿಯ ಅಂಗಡಿಗಳೂ ಅಲ್ಲೇ. ಲಿಂಗಸುಗೂರಿಗೆ ಮಧ್ಯಮ, ಮಸ್ಕಿಗೆ ಸಣ್ಣದು. ಪಾಮನಕಲ್ಲೂರು ಬೆಳ್ಳಗೆ ಉಳಿಯಿತು. ಮರುವರ್ಷ ಗಿಡ್ಡಪ್ಪ ಕಂಬಕ್ಕೆ ಅರ್ಜಿ ಹಾಕಿದ. ನಕ್ಷೆಯಲ್ಲಿ ಅಲ್ಲೇನೂ ಇಲ್ಲ ಎಂಬ ಒಂದು ಸಾಲಿನೊಂದಿಗೆ ಅರ್ಜಿ ವಾಪಸು ಬಂತು. ಗಿಡ್ಡಪ್ಪನಿಗೆ ಓದು ಬರದು. ಆ ಸಾಲನ್ನು ಅವನಿಗೆ ಓದಿ ಹೇಳಬೇಕಾಗಿ ಬಂದದ್ದು ದಾವಲ್‌ಸಾಬನೇ.

“ಇರಲಿ ಬಿಡು, ನೀ ಇದ್ದದ್ದು ಇದ್ದಂಗ ಬರದಿ” ಎಂದನಂತೆ ಗಿಡ್ಡಪ್ಪ. ಆದಮ್ಮ ತಿದಿಗೆ ಕೈ ಹಾಕಿದಳಂತೆ. ಬೈದಿದ್ದರೆ ಚೆನ್ನಾಗಿತ್ತು ಎಂದು ದಾವಲ್‌ಸಾಬ್ ಎಷ್ಟೋ ಸಲ ಹೇಳಿದ. ಆ ಕೈ ಅವನ ತಲೆಯಲ್ಲಿ ಕೂತುಬಿಟ್ಟಿತು.

ಅಲ್ಲಿಂದ ಮುಂದೆ ಏಳು ವರ್ಷ, ತಿಂಗಳಿಗೊಮ್ಮೆ ತಪ್ಪದೆ ಅವನು ಪಾಮನಕಲ್ಲೂರಿಗೆ ಹೋದ. ಹೋಗುವ ಹಿಂದಿನ ದಿನವೇ ಅಂಗಿ ಒಗೆದು ಹಾಕುತ್ತಿದ್ದ. “ಏನಪಾ, ಹೆಣ್ಣು ನೋಡಾಕ ಹೊಂಟೀಯೇನು?” ಎಂದು ನಾನು ಕಾಡುತ್ತಿದ್ದೆ. “ತಂಗಿ ಮನಿಗೆ ಹೊಂಟೀನ್ರಿ” ಎಂದು ಅಂಗಳಕ್ಕೆಲ್ಲ ಕೇಳುವಂತೆ ಹೇಳುತ್ತಿದ್ದ. ಉಳಿದ ಇಪ್ಪತ್ತೊಂಬತ್ತು ದಿನ ಅವನ ಕೋಣೆಯಿಂದ ಸ್ಟೌ ಪಂಪ್ ಮಾಡುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ತೊಂಬತ್ತೆರಡರಲ್ಲಿ ಎರಡನೆಯ ಗಣತಿ ಬಂತು. ಈ ಸಲ ದಾವಲ್‌ಸಾಬ್ ಸಿಂಧನೂರಿನಲ್ಲಿ ಶೇಕ್ಷಾವಲಿ ಎಂಬವನ ವೆಲ್ಡಿಂಗ್ ಅಂಗಡಿಗೆ ಹೋದ. ಶೆಟರ್ ಎಳೆಯಲು ಅವನಿಗೆ ಪುರಸೊತ್ತಾಗಲಿಲ್ಲ, ಸಿಕ್ಕಿಬಿದ್ದ. ಅಲ್ಲಿ ಸಾಲಾಗಿ ಎಡೆಕುಂಟೆಗಳು ನಿಂತಿದ್ದವು. ಬೆಳೆಯ ಸಾಲುಗಳ ನಡುವೆ ಕಳೆ ತೆಗೆಯುವ ಕುಂಟೆ. ಆದರೆ ಇವುಗಳ ಕುಡಗಳು ಗಟ್ಟಿ ಬಡಿದವಲ್ಲ. ಒಂದೊಂದು ಕುಡಕ್ಕೂ ಒಂದು ಕಬ್ಬಿಣದ ಬಳೆ. ಬೆಣೆ ಸಡಿಲಿಸಿ ಬಳೆ ಸರಿಸಿದರೆ ಜೋಳದ ಸಾಲಿಗೂ ಆಯಿತು, ಅಗಲ ಸಾಲಿನ ಸೂರ್ಯಕಾಂತಿಗೂ ಆಯಿತು. ಸೂರ್ಯಕಾಂತಿ ನಮ್ಮ ಕಡೆ ಆಗ ತಾನೇ ಹಬ್ಬಿತ್ತು, ರೈತರು ಇದಕ್ಕೆ ಮುಗಿಬಿದ್ದಿದ್ದರು. ಬಳೆಯ ಮೇಲೆ ಉಳಿಯಲ್ಲಿ ಹೊಡೆದ ಮೂರು ಗೀರು.

“ಈ ಗೀರು ಯಾತಕ್ಕ?” ಎಂದು ಕೇಳಿದ ದಾವಲ್‌ಸಾಬ್.

“ಅದನ್ನ ಕೇಳಬ್ಯಾಡ್ರಿ, ಅದರಾಗs ಐತಿ ಎಲ್ಲಾ ಖೂಬಿ. ಮೂರು ಗೀರು ಹೊಡಿಲಿಲ್ಲಂದ್ರ ಬೆಣಿ ಹಿಡಿಯಂಗಿಲ್ರಿ” ಎಂದ ಶೇಕ್ಷಾವಲಿ, ಬಲು ಗತ್ತಿನಿಂದ.

ದಾವಲ್‌ಸಾಬ್ ಬಗ್ಗಿ ಬಳೆಯ ಮೇಲೆ ಬೆರಳಾಡಿಸಿದ. ಆ ಗೀರು ಅವನಿಗೆ ಗೊತ್ತಿತ್ತು. ಬಿತ್ತನೆಗೆ ಮುಂಚೆ ಅರವತ್ತು ಮನೆಯ ಸಾಮಾನು ಗಿಡ್ಡಪ್ಪನ ಕುಲುಮೆಯಲ್ಲಿ ರಾಶಿ ಬೀಳುತ್ತದೆ. ಯಾರದು ಯಾವುದೆಂದು ತಿಳಿಯಲು ಒಂದೊಂದು ಮನೆಗೆ ಒಂದೊಂದು ಗುರುತು. ಒಬ್ಬರಿಗೆ ಅಡ್ಡಗೀರು, ಒಬ್ಬರಿಗೆ ಚುಕ್ಕಿ, ಒಬ್ಬರಿಗೆ ಇಂಟು. ಮೂರು ಗೀರು ರೈತ ಗೋಪಣ್ಣನ ಮನೆಯ ಗುರುತು! ಬೆಣೆಗೂ ಅದಕ್ಕೂ ಏನೂ ಸಂಬಂಧವಿಲ್ಲ.

ನೀ ಎಲ್ಲಿ ನೋಡಿ ಕಲಿತೆ ಎಂದು ಬೆನ್ನು ಹತ್ತಿದ. ಶೇಕ್ಷಾವಲಿ ಬಳಗಾನೂರಿನ ಅಂಗಡಿಯ ಹೆಸರು ಹೇಳಿದ. ಬಳಗಾನೂರಿನವನು ಮಸ್ಕಿಯ ಹೆಸರು ಹೇಳಿದ. ಮಸ್ಕಿಯವನು, “ಪಾಮನಕಲ್ಲೂರು ಗೋಪಣ್ಣ ಕುಂಟಿ ಬಂಡ್ಯಾಗ ಹಾಕ್ಕೊಂಡು ಸಂತಿಗೆ ಬಂದಿದ್ದ, ನೋಡಿ ಮಾಡಿದೆ” ಎಂದ. ಹದಿನೇಳು ಅಂಗಡಿಯವರು ಗಿಡ್ಡಪ್ಪನ ಬಳೆಯನ್ನು ನಕಲು ಮಾಡಿದ್ದರು. ಹದಿನೇಳು ಜನವೂ ಗೋಪಣ್ಣನ ಮನೆಯ ಗುರುತನ್ನೂ ಶ್ರದ್ಧೆಯಿಂದ ಕೊರೆದಿದ್ದರು. ಎಲ್ಲರೂ ನಕ್ಷೆಯಲ್ಲಿದ್ದರು. ಹುಟ್ಟಿಸಿದವನು ಮಾತ್ರ ಇರಲಿಲ್ಲ.

ಆ ಸಂಜೆ ಅವನು ಸೈಕಲ್‌ಗೆ ಸ್ಟ್ಯಾಂಡ್ ಕೂಡ ಹಾಕದೆ ಗೋಡೆಗೆ ಒರಗಿಸಿ ನನ್ನ ಬಾಗಿಲಿಗೆ ಬಂದ. ಕೈಯಲ್ಲಿ ಹಳೆಯ ನಕ್ಷೆಯ ಪ್ರತಿ. ಕೆಂಪು ಪೆನ್ಸಿಲ್ಲಿನಲ್ಲಿ ಹದಿನೇಳು ಗೆರೆ ಎಳೆದಿದ್ದ. ಸಿಂಧನೂರಿನಿಂದ, ಬಳಗಾನೂರಿನಿಂದ, ಮಸ್ಕಿಯಿಂದ ಹೊರಟ ಗೆರೆಗಳೆಲ್ಲ ಬಂದು ಸೇರಿದ್ದು ಆ ಬಿಳಿ ಜಾಗದಲ್ಲಿ.

“ನೋಡ್ರಿ ಮಾಸ್ತರ, ನೋಡ್ರಿ! ಈಗ ಹ್ಯಾಂಗ ಇಲ್ಲ ಅಂತಾರ ನೋಡತೀನಿ!”

ಅಷ್ಟು ಜೋರಾಗಿ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಶೇಖಮ್ಮ ಒಳಗಿನಿಂದ ಇಣುಕಿ ನೋಡಿದಳು.

ಕಚೇರಿಗೆ ಹೋದರೆ ಸಾಹೇಬರು ಕೆಂಪು ಗೆರೆಗಳನ್ನು ಮೆಚ್ಚಿದರು, ತಲೆಯಾಡಿಸಿದರು, ಕೊನೆಗೆ ಫಾರಂ ತಿರುವಿದರು. ವಿಚಾರ ಎಲ್ಲಿಂದ ಹುಟ್ಟಿತು ಎಂಬುದಕ್ಕೆ ಕಾಲಂ ಇಲ್ಲ. ಆದರೆ ಈ ಸಲ ಒಂದು ಸಡಿಲಿಕೆ ಇದೆ: ಹೊಸ ವಿಧಾನ ಕಂಡುಹಿಡಿದವನು ಒಂಟಿಯಾಗಿದ್ದರೂ ಕರೆಂಟು ಕೊಡುವಾಗ ಅವನ ಬಿಡಿ ಚುಕ್ಕೆಗೆ ಮೊದಲ ಸರತಿ. ಆದರೆ ಅವನು ಅದನ್ನು ಮಾರಿರಬೇಕು. ಒಂದಾದರೂ ಸಾಕು. ಕೊಂಡವನ ಹೆಸರು ಬೇಕು. ಮಾರಾಟ ಸೊನ್ನೆಯಾದರೆ ಚುಕ್ಕೆ ಇಲ್ಲ. ಫಾರಂ ಕಳಿಸಲು ಹತ್ತು ದಿನ ಉಳಿದಿತ್ತು.

ದಾವಲ್‌ಸಾಬ್ ಒಬ್ಬನೇ ಹೋಗಲು ಅಂಜಿದನೋ ಏನೋ, ಆ ಭಾನುವಾರ ನನ್ನನ್ನೂ ಕರೆದುಕೊಂಡು ಹೋದ. ಮಸ್ಕಿಯ ತನಕ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಗುಣುಗುಣು ಬಾಯಿಪಾಠ ಮಾಡುತ್ತಿದ್ದ.

ಕುಲುಮೆಯ ಮುಂದೆ ಬೇವಿನ ನೆರಳಲ್ಲಿ ಕೂತೆವು. ದಾವಲ್‌ಸಾಬ್ ಎಲ್ಲ ಹೇಳಿದ. ಹದಿನೇಳು ಅಂಗಡಿಯ ಮೂರು ಗೀರಿನ ಕಥೆ ಕೇಳಿ ಗಿಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಏ ಆದಿ, ಕೇಳಿದ್ಯಾ! ಸಿಂಧನೂರಾಗ ಎಲ್ಲಾರ ಕುಂಟಿನೂ ಗೋಪಣ್ಣಂದs ಅಂತ! ಅವಗ ಹೇಳಿದ್ರ ಇಸಗೊಂಡ ಬರಾಕ ಹೊಕ್ಕಾನ!” ನಕಲು ಮಾಡಿದರೆಂದು ಅವನಿಗೆ ಒಂದಿಷ್ಟೂ ಬೇಸರವಿರಲಿಲ್ಲ.

“ಗಿಡ್ಡಪ್ಪ, ಒಂದು ಮಾರು. ಒಂದs ಒಂದು. ಚುಕ್ಕಿ ಬೀಳ್ತೈತಿ, ಕಂಬ ಬರ್ತೈತಿ” ಎಂದ ದಾವಲ್‌ಸಾಬ್.

ನಗು ನಿಂತಿತು. “ಊರ ಮಂದಿಗಾ? ಆಗಂಗಿಲ್ಲ.”

“ಬ್ಯಾರೆ ಊರಾವ್ರಿಗೆ ಮಾರು.”

“ಬ್ಯಾರೆ ಊರಾವ್ರು ಯಾರು ಬರ್ತಾರೋ ಇಲ್ಲಿಗೆ? ಅವರ ಊರಾಗ ಅವರ ಕಮ್ಮಾರ ಇರಂಗಿಲ್ಲೇನು? ಅವನ ಅನ್ನಕ್ಕ ನಾ ಕೈ ಹಾಕಲಾ?”

ದಾವಲ್‌ಸಾಬ್ ಬಾಯಿಪಾಠ ಮಾಡಿದ್ದ ಮಾತಿಗೆ ಬಂದ. “ಹಂಗಾರ ನನಗ ಮಾರು. ನನಗ ಊರಿಲ್ಲ, ಹೊಲ ಇಲ್ಲ, ಯಾವ ಕಮ್ಮಾರಗೂ ನನಗೂ ಸಂಬಂಧ ಇಲ್ಲ. ನಾ ಹೊರಗಿನಾಂವ. ನನಗ ಮಾರಿದ್ರ ಯಾರಿಗೂ ತ್ರಾಸಿಲ್ಲ.”

ಇದನ್ನು ಅವನು ಲೆಕ್ಕದ ಮೇಷ್ಟ್ರು ಲೆಕ್ಕ ಬಿಡಿಸಿದ ಹಾಗೆ ಸಲೀಸಾಗಿ ಹೇಳಿದ.

ಗಿಡ್ಡಪ್ಪ ಅವನ ಕಡೆ ಪೂರ್ತಿ ತಿರುಗಿ ಕೂತ. “ಹೊರಗಿನಾಂವನಾ? ಏಳು ವರ್ಷ ನನ್ನ ಬಾಜೂಕ ಕುಂತು ಉಂಡಿ. ಇಕಿ ನಿನಗ ಅಣ್ಣ ಅಂತಾಳ. ನಿನಗ ರೇಟ್ ಹೇಳ್ಲಾ ನಾನು? ಯಾವ ಬಾಯಿಲೆ ಹೇಳ್ಲಿ?”

ಎದ್ದು ಒಳಗೆ ಹೋದ. ಆ ವಾರ ಬಡಿದ ಒಂದು ಹೊಸ ಎಡೆಕುಂಟೆ ಹೊತ್ತು ತಂದು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟ. ಉಳಿ ತಗೊಂಡು ಬಳೆಯ ಮೇಲೆ ಒಂದು ಏಟು ಹಾಕಿದ. ಒಂದೇ ಗೀರು.

“ಹಿಡಿ. ಇದು ದಾವಲಣ್ಣನ ಮನಿ ಗುರುತು. ಅರವತ್ತೊಂದನೇ ಮನಿ. ಹೊಲ ಇಲ್ಲಂದ್ರ ಏನಾತು, ಮೂಲ್ಯಾಗ ಇಟಗೋ. ಆದ್ರ ಇದನ್ನ ಮಾರಿದೆ ಅಂತ ಮಾತ್ರ ಅನಬ್ಯಾಡ.”

ದಾವಲ್‌ಸಾಬ್ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡ. ಬಸ್ಸಿನಲ್ಲಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಕಂಡಕ್ಟರ್ ಎಷ್ಟು ಬೈದರೂ ಕಿವಿಗೆ ಹಾಕಿಕೊಳ್ಳದೆ, ಆ ಗೀರಿನ ಮೇಲೆ ಹೆಬ್ಬೆರಳು ಆಡಿಸುತ್ತ ಬಂದ. ಹೊರಟಾಗ ಆದಮ್ಮ ಬಾಗಿಲಲ್ಲಿ ನಿಂತು ಎಡಗೈ ಎತ್ತಿ ಹೋಗಿ ಬರ್ರಿ ಎಂದಿದ್ದಳು. ಬಲಗೈ ಸೆರಗಿನೊಳಗೆ ಮಡಚಿಕೊಂಡಿತ್ತು. ಅದನ್ನು ಅವನೂ ನೋಡಿದ, ನಾನೂ ನೋಡಿದೆ.

ಇನ್ನು ಹೇಳಬೇಕಾದದ್ದು ನನ್ನ ಪಾಲಿನ ತಪ್ಪು. ಫಾರಂ ಕಳಿಸುವ ಹಿಂದಿನ ದಿನ ಅಂಗಳದಲ್ಲಿ ಕೂತು ಅವನು ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ತೆಗೆಯುವುದು. ನೋಡಿ ನೋಡಿ ನನಗೆ ತಲೆ ಚಿಟ್ಟು ಹಿಡಿಯಿತು.

“ಏ ಮಾರಾಯ, ಬರದ ಒಗಿ ಅತ್ತಾಗ! ಕುಂಟಿ ನಿನ್ನ ಕೋಣ್ಯಾಗ ಐತಿ, ನೀ ಕೊಂಡೆ ಅಂತ ಬರಿ. ಯಾರ ನೋಡ್ತಾರ? ಆ ಹೆಣ್ಮಗಳ ಕೈ ನೋಡಿದಿಲ್ಲ?”

“ಸುಳ್ಳಾಕ್ಕೈತಲ್ರಿ.”

“ನಿನ್ನ ಖರೇಕ್ಕ ಬೆಂಕಿ ಹಚ್ಚಲಿ. ನಿನ್ನ ಖರೇ ಸೊನ್ನಿ ಏಳು ವರ್ಷ ಆಕಿ ಕೈ ತಿಂದೈತಿ.”

ಎಂಥ ಮಾತು ಆಡಿಬಿಟ್ಟೆ. ಅವನ ಮುಖ ಸಣ್ಣದಾಯಿತು. ಪೆನ್ನು ಊರಿ ಬರೆದ: ಮಾರಾಟ, ಒಂದು. ಕೊಂಡವರು, ದಾವಲ್‌ಸಾಬ್, ಮುಕ್ಕಾಂ ಲಿಂಗಸುಗೂರು. ಸಂಬಂಧ ಎಂಬ ಕಾಲಂ ಇತ್ತು. ಅಲ್ಲಿ ‘ಯಾವುದೂ ಇಲ್ಲ, ಹೊರಗಿನ ಗಿರಾಕಿ’ ಎಂದು ಬರೆದು ಸಹಿ ಹಾಕಿದ. ಅದು ಅವನು ಜೀವಮಾನದಲ್ಲಿ ಬರೆದ ಒಂದೇ ಸುಳ್ಳು. ಈ ಸಲದ ನಕ್ಷೆಯಲ್ಲಿ ಪಾಮನಕಲ್ಲೂರಿನ ಬಿಳಿ ಜಾಗದ ಮೇಲೆ ನಾನೇ ಚುಕ್ಕೆ ಇಟ್ಟೆ. ಸ್ವಲ್ಪ ದೊಡ್ಡದಾಗಿಯೇ ಇಟ್ಟೆ.

ಮರುವರ್ಷ ಕಂಬ ಬಂತು. ಕುಲುಮೆಯ ತನಕ ಬಂತು! ಗಾಳಿ ಮಿಷನ್ ಕೂತಿತು, ತೂತು ಹೊಡೆಯುವ ಮಿಷನ್ ಕೂತಿತು. ಕರೆಂಟು ಕೊಡುವ ದಿನ ಕಚೇರಿಯಿಂದ ಒಬ್ಬರು ಬಂದು, ಊರ ಜನರನ್ನೆಲ್ಲ ಸೇರಿಸಿ, ಗಿಡ್ಡಪ್ಪನಿಗೆ ಹಾರ ಹಾಕಿ, ಅವನ ಫಾರಂ ಅನ್ನು ಮೊದಲಿನಿಂದ ಕೊನೆಯ ತನಕ ಜೋರಾಗಿ ಓದಿದರು. ಗೌರವಕ್ಕೆಂದೇ ಓದಿದರು, ಪಾಪ. ಮಾರಾಟ ಒಂದು ಎಂದು ಓದಿದರು. ಕೊಂಡವನ ಹೆಸರು ಓದಿದರು. ಹೊರಗಿನ ಗಿರಾಕಿ ಎಂಬುದನ್ನೂ ಓದಿದರು. ದಾವಲ್‌ಸಾಬನಿಗೆ ಅಂದು ಸಿಂಧನೂರಿನಲ್ಲಿ ಕೆಲಸವಿತ್ತು, ಅವನು ಅಲ್ಲಿರಲಿಲ್ಲ.

“ಏನ್ ಗಿಡ್ಡಪ್ಪ, ಇನ್ನ ನಮಗೂ ರೇಟ್ ಹೇಳ್ತೀ ಏನು?” ಎಂದು ಗೋಪಣ್ಣ ನಗೆಯಾಡಿದನಂತೆ. ಎಲ್ಲರೂ ನಕ್ಕರಂತೆ. ನಗೆಯಾಟವೇ ಇರಬಹುದು. ಆದರೆ ಅರವತ್ತು ಮನೆಯ ಎದುರು ಅದು ಗಿಡ್ಡಪ್ಪನ ಕೆನ್ನೆಗೆ ಬಿತ್ತು.

ಮರುದಿನ ಬೆಳಗಿನ ಬಸ್ಸಿಗೆ ಅವನು ಲಿಂಗಸುಗೂರಿಗೆ ಬಂದ. ಎಂಟು ವರ್ಷದಲ್ಲಿ ಅದೇ ಮೊದಲು. ದಾವಲ್‌ಸಾಬ್ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದವನು ಸಂಭ್ರಮದಿಂದ ಬಾಯಿ ತೊಳೆದು, “ಬಾ ಬಾ ಗಿಡ್ಡಪ್ಪ, ಒಳಗ ಬಾ” ಎಂದು ಚಾಪೆ ಹಾಸಲು ಓಡಿದ. ಗಿಡ್ಡಪ್ಪ ಹೊಸ್ತಿಲು ದಾಟಲಿಲ್ಲ.

“ಕುಂಟಿ ಎಲ್ಲೈತಿ?”

ದಾವಲ್‌ಸಾಬನಿಗೆ ಅರ್ಥವಾಯಿತು. ನನಗೂ ಆಯಿತು. ಮೂಲೆಯಿಂದ ಎಡೆಕುಂಟೆ ತಂದು ಅಂಗಳದಲ್ಲಿ ಇಟ್ಟ. ವಾರಕ್ಕೊಮ್ಮೆ ಎಣ್ಣೆ ಒರೆಸಿ ಇಟ್ಟಿದ್ದ, ಒಂದು ಚೂರು ತುಕ್ಕು ಇರಲಿಲ್ಲ.

ಗಿಡ್ಡಪ್ಪ ಕುಕ್ಕರುಗಾಲಿನಲ್ಲಿ ಕೂತ. ಚೀಲದಿಂದ ಅರ ತೆಗೆದ. ಬಳೆಯ ಮೇಲಿನ ಆ ಒಂದು ಗೀರಿನ ಮೇಲೆ ಅರ ಇಟ್ಟು ಉಜ್ಜತೊಡಗಿದ. ಕರ್ ಕರ್ ಎಂಬ ಸದ್ದಿಗೆ ಶೇಖಮ್ಮ ಹೊರಗೆ ಬಂದು ನಿಂತಳು. ನಾನಾದರೂ ‘ಬರೀ ಅಂದಾಂವ ನಾನು, ಅವಂದೇನೂ ತಪ್ಪಿಲ್ಲ’ ಎನ್ನಬಹುದಿತ್ತು. ಅನ್ನಲಿಲ್ಲ. ದಾವಲ್‌ಸಾಬನೂ ನನ್ನ ಹೆಸರು ಹೇಳಲಿಲ್ಲ. ನನ್ನ ಕಡೆ ಒಮ್ಮೆ ತಿರುಗಿ ಕೂಡ ನೋಡಲಿಲ್ಲ.

ಗೀರು ಹೋಯಿತು. ಗಿಡ್ಡಪ್ಪ ಪುಡಿಯನ್ನು ಊದಿ, ಬೆರಳಿನಿಂದ ಸವರಿ ನೋಡಿ, ಎದ್ದ.

“ಮಾರಿದ ಸಾಮಾನಿಗೆ ಗುರುತು ಇರಂಗಿಲ್ರಿ” ಎಂದ. ಆ ‘ರಿ’ ಎಂಬ ಮರ್ಯಾದೆ ಅಷ್ಟು ವರ್ಷದಲ್ಲಿ ಅವನು ದಾವಲ್‌ಸಾಬನಿಗೆ ಎಂದೂ ಕೊಟ್ಟಿರಲಿಲ್ಲ. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು ಹೋದ.

ದಾವಲ್‌ಸಾಬ್ ಎಡೆಕುಂಟೆಯನ್ನು ಮತ್ತೆ ಮೂಲೆಯಲ್ಲಿ ಇಟ್ಟ. ಪಾಮನಕಲ್ಲೂರಿಗೆ ಆಮೇಲೆ ಹೋಗಲಿಲ್ಲ. ಆ ಕಡೆ ಕೆಲಸ ಬಂದರೆ ಬೇರೆಯವರಿಗೆ ಬಿಟ್ಟುಕೊಟ್ಟ. ಹಿಂದಿನ ದಿನ ಅಂಗಿ ಒಗೆಯುವುದೂ ನಿಂತಿತು. ಭಾನುವಾರ ಬಾಗಿಲು ಹಾಕಿಕೊಂಡು ಮಲಗಿರುತ್ತಿದ್ದ. ಒಂದು ಸಲ ಶೇಖಮ್ಮನೇ, “ಒಳಗ ಕರೀರಿ ಅವ್ರನ್ನ, ಉಣ್ಣಾಕ” ಎಂದಳು. ಕರೆದೆ. ಬಂದ, ನನ್ನ ಪಕ್ಕದಲ್ಲಿ ಕೂತು ಉಂಡ, “ಬಾಳ ಛಲೋ ಆಗಿತ್ರಿ ಅಕ್ಕಾರ” ಎಂದ, ತಾಟು ತಾನೇ ತೊಳೆದಿಟ್ಟು ಹೋದ. ನಾವು ಬಹಳ ತಡ ಮಾಡಿದ್ದೆವು.

ತೊಂಬತ್ತಾರರಲ್ಲಿ ಒಂದು ಮದುವೆಗೆಂದು ಮಸ್ಕಿಗೆ ಹೋದವನು ನಾನು ತಡೆಯಲಾರದೆ ಪಾಮನಕಲ್ಲೂರಿಗೆ ಹೋದೆ. ಕುಲುಮೆಯಲ್ಲಿ ಗಾಳಿ ಮಿಷನ್ ಗುಯ್ ಎನ್ನುತ್ತಿತ್ತು. ಗಿಡ್ಡಪ್ಪ ನನ್ನನ್ನು ನೋಡಿ ತಲೆ ತಗ್ಗಿಸಿ ಕೆಲಸಕ್ಕೆ ತಿರುಗಿದ. ನಾನು ಅವನ ಎದುರು ನಿಂತು, ಬರೆಸಿದವನು ನಾನು ಎಂದು ಮೂರು ವರ್ಷ ತಡವಾಗಿ ಹೇಳಿದೆ.

ಅವನು ಸುತ್ತಿಗೆ ನಿಲ್ಲಿಸಲಿಲ್ಲ. “ಬರಸಿದಾಂವ ಯಾರಾದರ ಇರಲಿ. ಹೊರಗಿನಾಂವ ಅಂತ ಬರದಾಂವ ಅವನs ಅಲ್ರಿ?” ಎಂದ.

ಹೊರಟವನನ್ನು ಆದಮ್ಮ ಬೇವಿನ ಮರದ ತನಕ ಹಿಂಬಾಲಿಸಿ ಬಂದಳು.

“ಅಣ್ಣ ಹ್ಯಾಂಗದಾನ್ರಿ?”

“ಅದಾನವಾ.”

ಅವಳು ಕುಲುಮೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಬಲಗೈಯನ್ನು ಮೆಲ್ಲಗೆ ಮೇಲೆ ಎತ್ತಿದಳು. ಭುಜ ದಾಟಿತು, ಕಿವಿ ದಾಟಿತು, ತಲೆಯ ಮೇಲೆ ಹೋಗಿ ಬೇವಿನ ಟೊಂಗೆಯ ಎಲೆ ಮುಟ್ಟಿತು. “ಈಗ ನನ್ನ ತಲಿ ನಾನs ಬಾಚಿಕೊಳ್ತೀನ್ರಿ. ಅವಗ ಹೇಳ್ರಿ” ಎಂದಳು. ಕಣ್ಣಲ್ಲಿ ನೀರಿತ್ತು.

ಊರಿಗೆ ಬಂದವನು ಸೀದಾ ದಾವಲ್‌ಸಾಬನ ಕೋಣೆಗೆ ಹೋದೆ. ಸ್ಟೌ ಮುಂದೆ ಕೂತಿದ್ದ. ಹೇಳಿದೆ. ಅವನು ಸ್ಟೌ ಆರಿಸಿದ.

“ಎಲ್ಲಿತನಕ ಹೋಗ್ತೈತ್ರಿ ಕೈ?”

ನಾನು ಬಲಗೈ ಎತ್ತಿ, ಟೊಂಗೆ ಮುಟ್ಟುವಷ್ಟು ಮೇಲೆ ಚಾಚಿ ತೋರಿಸಿದೆ.

ಅವನು ನನ್ನ ಕೈಯನ್ನೇ ನೋಡುತ್ತ ಕೂತಿದ್ದ. ನಾನು ಕೈ ಇಳಿಸಿದೆ.

“ಇನ್ನೊಮ್ಮೆ ತೋರಸ್ರಿ ಮಾಸ್ತರ” ಎಂದ.